ಟವೆಲ್ ಕೆಳಗಿನ ಬೆಲೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಮೊದಲು ಮಗ್ಗವಿದ್ದ ಕೋಣೆಯಲ್ಲಿ ಈಗ ನನ್ನ ಕಂಪ್ಯೂಟರ್ ಇದೆ. ಓಣಿಯ ಪವರ್‌ಲೂಮುಗಳ ಸದ್ದಿನ ನಡುವೆ ಕೂತು, ಮಗ್ಗದ ಮಾಲಕರಿಗೆ ನೂಲಿನ ಲೆಕ್ಕ, ಮಜೂರಿಯ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಬರೆಯುವುದೇನೂ ಕಷ್ಟವಲ್ಲ. ಬರೆಯುವ ಸಲಕರಣೆಯನ್ನು ಮುಟ್ಟಲು ನನಗೆ ಹಕ್ಕಿದೆಯೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ.

30 ದಿನ ಪುಕ್ಕಟೆ ಎಂದಿತ್ತೆಂದು ಅಂಥದೊಂದು ಸಲಕರಣೆ ಇಳಿಸಿಕೊಂಡೆ. ಕೆಲಸಕ್ಕೆ ಕೂತ ದಿನದಿಂದ ಎಣಿಕೆ ಶುರುವೆಂದು ನಾನು ತಿಳಿದಿದ್ದೆ. ಅದು ಇಳಿಸಿದ ಗಳಿಗೆಯಿಂದಲೇ ಎಣಿಸತೊಡಗಿತ್ತು. ಮರುದಿನ ಬೀಳಗಿಯ ಸೋದರಮಾವನ ಕಬ್ಬು ಕಡಿಸಲು ಹೋದವನು, ಗ್ಯಾಂಗ್ ಸಿಗದೆ ಒಂಬತ್ತು ದಿನ ಅಲ್ಲೇ ಕೂತೆ. ಮುಧೋಳದಲ್ಲಿ ಮದುವೆ, ಜಮಖಂಡಿಯಲ್ಲಿ ಕುಬಸ, ಮತ್ತೆ ಐದು ದಿನ. ತಿರುಗಿ ಬಂದು ನೋಡಿದರೆ ಅರ್ಧ ತಿಂಗಳು ಉಳಿದಿತ್ತು. ಅಕ್ಷತೆ ಹಾಕಿದ ದಿನವನ್ನೂ ಆ ಪುಣ್ಯಾತ್ಮ ಬಿಟ್ಟಿರಲಿಲ್ಲ.

ಅವಧಿ ಮುಗಿದ ದಿನ ಉಪಾಯವೊಂದು ಹೊಳೆಯಿತು. ಕಂಪ್ಯೂಟರಿನ ತಾರೀಖನ್ನೇ ಒಂದು ವರ್ಷ ಹಿಂದಕ್ಕೆ ಸರಿಸಿದೆ. ಸಲಕರಣೆ ಮೋಸಹೋಗಲಿಲ್ಲ, ಉಳಿದದ್ದೆಲ್ಲ ಮೋಸಹೋಯಿತು. ತಾರೀಖು ತಪ್ಪಿದರೆ ಜಾಲತಾಣಗಳ ಸುರಕ್ಷಾ ಪ್ರಮಾಣಪತ್ರಕ್ಕೆ ತಾಳೆ ಬೀಳುವುದಿಲ್ಲವಲ್ಲ, ಒಂದೊಂದೇ ತಾಣ ಬಾಗಿಲು ಹಾಕಿಕೊಂಡಿತು. ಅದೇ ಗಡಿಬಿಡಿಯಲ್ಲಿ ರಬಕವಿಯ ಮಾಲಕರೊಬ್ಬರಿಗೆ ವಾರದ ಮಜೂರಿ ಪಟ್ಟಿ ತೆಗೆದುಕೊಟ್ಟಿದ್ದೆ. ಸಂಜೆ ಅವರೇ ಬಂದರು.

"ಏನೋ ತಮ್ಮಾ, ಹ್ವಾದ ವರ್ಷದ ಮಜೂರಿ ಇನ್ನೊಮ್ಮೆ ಕೊಡ್ಸಾಕ ಹೊಂಟಿಯೇನು? ಬಾಕಿ ಐತಿ ಅಂತ ಮಂದಿ ಬಾಗಲದಾಗ ನಿಂತಾರ!"

ಅಂದಿನಿಂದ ಸಾಫ್ಟ್‌ವೇರ್‌ಗಳ ಷರತ್ತು ಓದುವ ಚಟ ಹತ್ತಿತು. ವಿನ್‌ರಾರ್‌ನ ಪರೀಕ್ಷಾವಧಿ 40 ದಿನ. ಮುಗಿದ ಮೇಲೂ ಅದು ನೆನಪಿಸುತ್ತ ಕೆಲಸ ಮಾಡಿಕೊಡುತ್ತಲೇ ಇರುತ್ತದೆ, ಉದ್ರಿ ಬಾಕಿ ಕೇಳುತ್ತಲೇ ಮತ್ತೆ ಸಕ್ಕರೆ ಕಟ್ಟಿಕೊಡುವ ಕಿರಾಣಿ ಅಂಗಡಿಯವನ ಹಾಗೆ. ವಿಷುಯಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿ ನನ್ನಂಥ ಒಬ್ಬಂಟಿಗೆ ಪುಕ್ಕಟೆ. ಆದರೆ 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಹೆಚ್ಚು ವರಮಾನ ಇದ್ದರೆ ಅದು ದೊಡ್ಡ ಕಂಪನಿ, ಪುಕ್ಕಟೆ ಇಲ್ಲ. ಅಪ್ಪನಿಗೆ ಓದಿ ಹೇಳಿದೆ. "ನಮ್ದೆಷ್ಟ ಅದಾವು?" ಅಂದರು. ಒಂದು ಕಂಪ್ಯೂಟರ್, ಒಂದು ಯುಪಿಎಸ್ ಅಂದೆ. "ಯುಪಿಎಸ್ ಹಿಡಿಬ್ಯಾಡ, ಕೆಟ್ಟೈತಿ."

ಒರಾಕಲ್ 2023ರ ಜನವರಿಯಲ್ಲಿ ತಂದ ಜಾವಾ ಚಂದಾ ಕಂಪನಿಯ ನೌಕರರ ತಲೆ ಎಣಿಸುತ್ತದೆ, ಜಾವಾ ಮುಟ್ಟದವರನ್ನೂ ಸೇರಿಸಿ. ಚಹಾ ಕುಡಿದವನೊಬ್ಬ, ಬಿಲ್ಲು ಓಣಿಗೆಲ್ಲ.

ಚಂದಾ ಎಂದರೇನೆಂದು ಅಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಲಾವಣಿ ಹೊಲ ಇದ್ದಂಗ" ಅಂದರು. 1974ರ ಭೂಸುಧಾರಣೆಯಲ್ಲಿ ಫಾರ್ಮ್ ನಂಬರ್ 7 ತುಂಬಿ ಗೇಣಿ ಹೊಲಕ್ಕೆ ಒಡೆಯರಾದವರನ್ನು ಕಣ್ಣಾರೆ ಕಂಡವರು ಅವರು. "ಇದಕ್ಕೂ ಏಳನೇ ನಂಬರ್ ಫಾರ್ಮ್ ಐತೇನು?" ಎಂಬುದು ಮುಂದಿನ ಪ್ರಶ್ನೆ. ಇದೆ, ಅರೆಬರೆ. ಇಂಥ ಸಲಕರಣೆ ಮಾರುವ ಜೆಟ್‌ಬ್ರೇನ್ಸ್‌ಗೆ ಸತತ 12 ತಿಂಗಳು ಹಣ ಕಟ್ಟಿದರೆ, ಚಂದಾ ನಿಲ್ಲಿಸಿದ ಮೇಲೂ ಆ ವರ್ಷದ ಆರಂಭದ ಆವೃತ್ತಿ ನಮ್ಮಲ್ಲೇ ಉಳಿಯುತ್ತದೆ. ಹೊಲವೇನೋ ನಮ್ಮದು, ಬೆಳೆ ಮಾತ್ರ ಹಳೆಯದು.

ಕಡೆಗೆ ನನ್ನ ಸಲಕರಣೆಯನ್ನು ಕೊಂಡೇಬಿಡೋಣವೆಂದು ಹೋದರೆ ಅಲ್ಲಿ ಬೆಲೆಯೇ ಇಲ್ಲ. "ಬೆಲೆಗಾಗಿ ಸಂಪರ್ಕಿಸಿ" ಎಂದಷ್ಟೇ ಇದೆ. ಇದು ದನದ ಸಂತೆಯ ದಲಾಲಿಗಳ ಪದ್ಧತಿ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು, ಪಕ್ಕದವನಿಗೂ ತಿಳಿಯಬಾರದು. ಆದರೂ ಸಂತೆಯೇ ವಾಸಿ ಅನ್ನುತ್ತೇನೆ. ಅಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಬಹುದು, ನಾಲ್ಕು ಹೆಜ್ಜೆ ನಡೆಸಿ ನೋಡಬಹುದು. ನಾನು ಪತ್ರ ಬರೆದೆ. ತಂಡದಲ್ಲಿ ಎಷ್ಟು ಜನ ಎಂದು ಮರುಪ್ರಶ್ನೆ ಬಂತು. ಒಬ್ಬನೇ ಎಂದು ಬರೆದ ಮೇಲೆ ಆ ಕಡೆ ಸದ್ದಿಲ್ಲ.

ಅವರ ಬೆಲೆ ಗೊತ್ತಿರುವ ಓದುಗರಿದ್ದರೆ ದಯವಿಟ್ಟು ಬನಹಟ್ಟಿಯ ಕಡೆ ಬನ್ನಿ. ಟವೆಲ್ ನಾನು ತರುತ್ತೇನೆ.