ಮಾಸ್ಟರ್ ಪ್ಲಾನ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣ ಮಾಸ್ಟರ್ ಪ್ಲಾನ್,
ಜನನ 1960, ಸ್ಯಾಕ್ರಮೆಂಟೊ.

ವಿಷಯ: ಕಮ್ಯೂನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ದಾಟುವ ದಾರಿಯನ್ನು ಇಷ್ಟು ಸುಗಮಗೊಳಿಸಿದ್ದಕ್ಕಾಗಿ ಅಭಿನಂದನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಸನ್ನಿವೇಲ್‌ನಲ್ಲಿ ನೆಲೆಸಿರುವ ಒಬ್ಬ ಸಾಧಾರಣ ಕನ್ನಡಿಗ. ಮಗಳು ಇಲ್ಲೇ ಹತ್ತಿರದ ಕಮ್ಯೂನಿಟಿ ಕಾಲೇಜೊಂದರಲ್ಲಿ ಓದುತ್ತಿದ್ದಾಳೆ. ತಮ್ಮ ನಾಮಕರಣದ ವೈಭವವನ್ನು ಕೇಳಿ ಬಲ್ಲೆ. ಗವರ್ನರ್ ಪ್ಯಾಟ್ ಬ್ರೌನ್ ಸಹಿ ಹಾಕಿದರು, ತಮ್ಮ ಶಿಲ್ಪಿ ಕ್ಲಾರ್ಕ್ ಕೆರ್ ಅವರ ಚಿತ್ರ ಟೈಮ್ ಪತ್ರಿಕೆಯ ಮುಖಪುಟಕ್ಕೇ ಬಂತು. ಬರಬೇಕಾದದ್ದೇ. ಹೈಸ್ಕೂಲಿನಲ್ಲಿ ಮುಂದಿರುವ ಎಂಟನೇ ಒಂದು ಭಾಗದ ಮಕ್ಕಳು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಮೂರನೇ ಒಂದು ಭಾಗದವರು ಸ್ಟೇಟ್ ಯೂನಿವರ್ಸಿಟಿಗೆ, ಮಿಕ್ಕ ಎಲ್ಲರಿಗೂ ಕಮ್ಯೂನಿಟಿ ಕಾಲೇಜು. ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ನೇರ ಯೂನಿವರ್ಸಿಟಿಗೆ. ಇಷ್ಟು ಉದಾರವಾದ ವಾಕ್ಯವನ್ನು ಯಾವ ಸರ್ಕಾರವೂ ಸುಲಭಕ್ಕೆ ಬರೆಯುವುದಿಲ್ಲ. ನಮ್ಮ ತಕರಾರು ಇರುವುದು ಅದರ ನಡುವಿನ ಅರ್ಧವಿರಾಮದ ಬಗ್ಗೆ ಮಾತ್ರ. ಮಗಳು ಸದ್ಯ ಅಲ್ಲಿ ಸಿಕ್ಕಿಕೊಂಡಿದ್ದಾಳೆ.

ಮೊದಲು ಲೆಕ್ಕದ ವಿಚಾರ. ಕ್ಯುಪರ್ಟಿನೋದ ಡಿ ಆಂಝಾ ಕಾಲೇಜು ನಡೆಯುವುದು ಕ್ವಾರ್ಟರ್ ಪದ್ಧತಿಯಲ್ಲಿ. ಪಕ್ಕದ ಸಾರಟೋಗಾದ ವೆಸ್ಟ್ ವ್ಯಾಲಿ ಕಾಲೇಜು ನಡೆಯುವುದು ಸೆಮಿಸ್ಟರ್ ಪದ್ಧತಿಯಲ್ಲಿ. ಬರ್ಕ್ಲಿ ಮತ್ತು ಮರ್ಸೆಡ್ ಸೆಮಿಸ್ಟರ್, ಪದವಿ ತರಗತಿಗಳಿರುವ ಯುಸಿಯ ಉಳಿದ ಏಳೂ ಕಡೆ ಕ್ವಾರ್ಟರ್. ಹೀಗಾಗಿ ರಾತ್ರಿಯೆಲ್ಲ ಕೂತು ಕಲಿತ ಐದು ಯೂನಿಟ್ ಕ್ಯಾಲ್ಕುಲಸ್ ಸೆಮಿಸ್ಟರಿನ ನಾಡಿಗೆ ಹೋದರೆ, ಮೂರನೇ ಎರಡರಿಂದ ಗುಣಿಸಿ, 3.33 ಯೂನಿಟ್ ಆಗುತ್ತದೆ. ದಶಮಾಂಶದ ಆಚೆ ಆ ಮೂರು ಎಲ್ಲಿಯವರೆಗೆ ಹೋಗುತ್ತದೋ ಗಣಿತಜ್ಞರಿಗೇ ಗೊತ್ತು. ಒಟ್ಟು 60 ಸೆಮಿಸ್ಟರ್ ಯೂನಿಟ್ ಇಲ್ಲದಿದ್ದರೆ ಯುಸಿ ಬಾಗಿಲು ತೆರೆಯುವುದಿಲ್ಲ. ಹಾಗಂತ ಆಸೆಬುರುಕರಾಗಿ ಹೆಚ್ಚು ಓದಿದಿರೋ, ಕಮ್ಯೂನಿಟಿ ಕಾಲೇಜಿನ 70ರ ಮೇಲಿನ ಯೂನಿಟ್ ಎಣಿಕೆಗೇ ಬಾರದು. ಜ್ಞಾನಕ್ಕೂ ಲಗೇಜಿನ ಮಿತಿ ಇರಬೇಕೆಂಬ ತಮ್ಮ ವಂಶಸ್ಥರ ದೂರದೃಷ್ಟಿಗೆ ಶರಣು.

ಇನ್ನು ಅಸಿಸ್ಟ್ ಎಂಬ ಮಹಾಗ್ರಂಥ. ಯಾವ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಎಂದು ಇಡೀ ರಾಜ್ಯಕ್ಕೆ ತಿಳಿಸುವ ಪಟ್ಟಿ ಅದು. ಎಡಗಡೆ ಯೂನಿವರ್ಸಿಟಿ ಕೇಳುವುದು, ಬಲಗಡೆ ನಮ್ಮ ಕಾಲೇಜು ಕೊಡುವುದು, ನಡುವೆ ಒಂದು ಬಾಣ. ನೋಡಲು ಜಾತಕ ಕೂಡಿಸಿದಂತೆಯೇ ಇರುತ್ತದೆ. ಕೆಲವು ಸಾಲುಗಳಲ್ಲಿ ಬಲಗಡೆ ವರನೇ ಇಲ್ಲ. ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಎಂದಿರುತ್ತದೆ, ಅಷ್ಟೇ. ನಮ್ಮವಳು ಕೌನ್ಸೆಲರ್ ಹೇಳಿದರೆಂದು ಸ್ಟ್ಯಾಟಿಸ್ಟಿಕ್ಸ್ ಮುಗಿಸಿದಳು. ಒಂದು ಯೂನಿವರ್ಸಿಟಿ ಅದನ್ನು ಮೇಜರಿಗೆ ಒಪ್ಪಿತು, ಇನ್ನೊಂದು ಜನರಲ್ ಎಜುಕೇಷನ್ನಿಗೆ ಸಾಕು ಎಂದಿತು, ಮೂರನೆಯದು ಎಲೆಕ್ಟಿವ್ ಎಂದು ಮೂಲೆಗೆ ಸರಿಸಿತು. ಅದೇ ಮೀನ್, ಅದೇ ಮೀಡಿಯನ್, ಅದೇ ಹುಡುಗಿ. ಅವಳು ಆ ಮೂರು ಪುಟಗಳನ್ನು ಪ್ರಿಂಟ್ ತೆಗೆದು ಅಡುಗೆಮನೆ ಮೇಜಿನ ಮೇಲೆ ಸಾಲಾಗಿ ಹರಡಿ, ಹಳದಿ ಹೈಲೈಟರ್ ಹಿಡಿದು ಕೂತಿದ್ದಳು. ಅದೊಂದು ಕೋರ್ಸೇ ಆಗಬೇಕಿತ್ತು, ಕನಿಷ್ಠ ನಾಲ್ಕು ಯೂನಿಟ್ಟಿನದು.

ಭರವಸೆಗಳಿಗೇನೂ ಬರವಿಲ್ಲ ಎಂಬುದನ್ನು ಒಪ್ಪಬೇಕು. ಟ್ಯಾಗ್ ಎಂಬ ಪ್ರವೇಶದ ಗ್ಯಾರಂಟಿ ಇದೆ. ಯುಸಿಯ ಆರು ಕ್ಯಾಂಪಸ್ಸುಗಳು ಕೊಡುತ್ತವೆ, ಎಲ್ಲರೂ ಕೇಳುವ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಮೂರೂ ಕೊಡುವುದಿಲ್ಲ. ಕೊಡುವಲ್ಲೂ ಒಂದು ಕ್ಯಾಂಪಸ್ಸಿಗೆ ಮಾತ್ರ ಅರ್ಜಿ. 2010ರ ಕಾನೂನಿನ ಪ್ರಕಾರ ಟ್ರಾನ್ಸ್‌ಫರ್ ಡಿಗ್ರಿ ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಖಚಿತ. ಎಲ್ಲಿ ಎಂಬುದು ಮಾತ್ರ ಖಚಿತವಲ್ಲ. ಸ್ಯಾನ್ ಹೊಸೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದು, ಸಂಜೆ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಎಲ್ಲೋ ದೂರದ ಹಂಬೋಲ್ಟ್‌ನ ರೆಡ್‌ವುಡ್ ಕಾಡಿನ ತಂಪು ಒಳ್ಳೆಯದೇ ಎಂದು ಯಾರೋ ಯೋಚಿಸಿರಬೇಕು.

ಸುಧಾರಣೆಯೂ ಆಗಿದೆ, ಅನ್ಯಾಯವಾಗಿ ಬರೆಯಬಾರದು. ರಾಜ್ಯದ 116 ಕಮ್ಯೂನಿಟಿ ಕಾಲೇಜುಗಳಲ್ಲಿ ಒಂದೇ ಇಂಗ್ಲಿಷ್ ಪಾಠಕ್ಕೆ ಒಂದೇ ಸಂಖ್ಯೆ ಇರಲಿ ಎಂದು 2021ರಲ್ಲಿ ಕಾನೂನಾಯಿತು. ಸ್ಟೇಟ್ ಯೂನಿವರ್ಸಿಟಿಗೊಂದು, ಯುಸಿಗೊಂದು ಎಂದಿದ್ದ ಜನರಲ್ ಎಜುಕೇಷನ್ ಪಟ್ಟಿಗಳನ್ನು ಒಂದು ಮಾಡಿ ಎಂದೂ ಅದೇ ವರ್ಷ ಕಾನೂನಾಯಿತು. ತಮಗೆ ಆಗ 61. ನಮ್ಮ ಕಡೆ ಅದು ನಿವೃತ್ತಿಯಾಗಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸು.

ಹಾಗೆ ನೋಡಿದರೆ ನಮ್ಮ ಕರ್ನಾಟಕವೂ ಧಾರಾಳಿಯಲ್ಲ. ಮೂರು ವರ್ಷ ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದವನಿಗೆ ಬಿಇಯಲ್ಲಿ ಬಿಟ್ಟುಕೊಡುವುದು ಒಂದೇ ವರ್ಷ. ಆದರೆ ಆ ಮಾತನ್ನು ಮೊದಲೇ ಮುಖಕ್ಕೆ ಹೇಳಿಬಿಡುತ್ತಾರೆ. ಹೈಲೈಟರ್ ಬೇಕಾಗುವುದಿಲ್ಲ.

ನಮ್ಮವರ ವಿಚಾರವನ್ನೂ ಬರೆದುಬಿಡುತ್ತೇನೆ, ತಮಗೆ ಸಮಾಧಾನವಾಗಬಹುದು. ಯುಗಾದಿ ಊಟದ ಸಾಲಿನಲ್ಲಿ ‘ಮಗಳು ಎಲ್ಲಿ?’ ಎಂದು ಕೇಳಿದವರಿಗೆ ಕಮ್ಯೂನಿಟಿ ಕಾಲೇಜು ಎಂದರೆ, ಒಬ್ಬಟ್ಟಿನ ಮೇಲೆ ತುಪ್ಪ ಬೀಳುವುದು ಒಂದು ಕ್ಷಣ ನಿಲ್ಲುತ್ತದೆ. ‘ಪರವಾಗಿಲ್ಲ ಬಿಡಿ, ಇಲ್ಲೇ ಇದ್ದಾಳಲ್ಲ’ ಎಂಬ ಸಾಂತ್ವನ ಬರುತ್ತದೆ, ಯಾರೋ ತೀರಿಕೊಂಡವರ ಮನೆಯಲ್ಲಿ ಹೇಳುವ ಸ್ವರದಲ್ಲಿ. ಹೇಳುವವರ ಕೈಯಲ್ಲಿ ಆ್ಯಪಲ್ ಫೋನು. ಆ ಕಂಪನಿ ಕಟ್ಟಿದ ಇಬ್ಬರು ಸ್ಟೀವ್‌ಗಳಲ್ಲಿ ಒಬ್ಬನಾದ ವೋಜ್ನಿಯಾಕ್ ಡಿ ಆಂಝಾದಲ್ಲಿ ಓದಿ 1971ರಲ್ಲಿ ಬರ್ಕ್ಲಿಗೆ ಹೋದವನು ಎಂದರೆ, ‘ಅವರ ಕಾಲ ಬೇರೆ’ ಎನ್ನುತ್ತಾರೆ. ನಾಳೆ ಇವಳೂ ಬರ್ಕ್ಲಿಗೆ ದಾಟಿದರೆ ಇದೇ ಸಾಲಿನಲ್ಲಿ ‘ನಮ್ಮ ಬರ್ಕ್ಲಿ ಹುಡುಗಿ’ ಆಗುತ್ತಾಳೆ, ಮೊದಲ ಎರಡು ವರ್ಷ ಯಾರಿಗೂ ನೆನಪಿರುವುದಿಲ್ಲ. ಅವಳ ಒಂದೊಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್ ಕೊಟ್ಟ ನನಗೆ ನೆನಪಿರುತ್ತದೆ. ಅಗ್ಗ ಎಂಬುದನ್ನೂ ಹೇಳಬೇಕು. ಅಗ್ಗವೆಂಬುದೇ ಮೂಗು ಮುರಿಯುವುದಕ್ಕೆ ಕಾರಣವಾದದ್ದು ಮಾತ್ರ ಬೇರೆ ಕಥೆ.

ಅಂಕಿಗಳನ್ನು ತಾವು ನೋಡಿರುತ್ತೀರಿ. ದೇಶದಲ್ಲಿ ಕಾಲೇಜು ಬದಲಿಸುವವರು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಳ್ಳುತ್ತಾರೆಂದು ಕೇಂದ್ರದ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ನಮ್ಮ ರಾಜ್ಯದ ಆಡಿಟರ್ 2024ರಲ್ಲಿ ನೋಡಿದಾಗ, ದಾಟಬೇಕೆಂದೇ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ದಾಟಿದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ದಾರಿಯನ್ನು ಓದಿಕೊಳ್ಳಲು ಸಮಯವಿದ್ದವರು ದಾಟುತ್ತಾರೆ. ಎರಡು ಪಾಳಿ ದುಡಿಯುವವರಿಗೆ ಆ ಸಮಯವನ್ನು ಯಾವ ಕ್ಯಾಂಪಸ್ಸೂ ಟ್ರಾನ್ಸ್‌ಫರ್ ಮಾಡಿಕೊಡುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದೇ ಕೋರಿಕೆ. ಈ ನಿಯಮಗಳನ್ನು ಆಡಳಿತಗಾರರಿಗೂ ಅನ್ವಯಿಸಿ. ಒಂದು ಕ್ಯಾಂಪಸ್ಸಿನ ಡೀನ್ ಇನ್ನೊಂದು ಕ್ಯಾಂಪಸ್ಸಿಗೆ ಹೋದರೆ ಆತನ ಒಂಬತ್ತು ವರ್ಷದ ಅನುಭವವನ್ನು ಮೂರನೇ ಎರಡರಿಂದ ಗುಣಿಸಿ ಆರು ಮಾಡಿ. ಅದರಲ್ಲಿ ಬಜೆಟ್ ನಿಭಾಯಿಸಿದ ವರ್ಷಗಳನ್ನು ಎಲೆಕ್ಟಿವ್ ಎನ್ನಿ. ಹಳೆಯ ಕಚೇರಿಯಲ್ಲಿ ಅರ್ಧ ನಡೆಸಿದ ಮೀಟಿಂಗನ್ನು ಹೊಸ ಕಚೇರಿಯಲ್ಲಿ ಮೊದಲಿನಿಂದ ಶುರುಮಾಡಿಸಿ, ಏಕೆಂದರೆ ಕೋರ್ಸುಗಳ ಸರಣಿಯಂತೆ ಅದನ್ನೂ ಒಂದೇ ಕಡೆ ಮುಗಿಸಬೇಕು. ಸಂಬಳದ ಗ್ಯಾರಂಟಿ ಕೊಡಿ, ಯಾವ ಊರಿನಲ್ಲಿ ಎಂದು ಹೇಳಬೇಡಿ.

ತಮ್ಮ ಉತ್ತರವನ್ನು ಸೆಪ್ಟೆಂಬರ್ 1ರಿಂದ 30ರ ಒಳಗೆ ಕಳಿಸತಕ್ಕದ್ದು. ಟ್ಯಾಗ್ ಅರ್ಜಿಗೆ ನಮಗಿರುವ ಗಡುವೂ ಅಷ್ಟೇ. ತಡವಾಗಿ ಬಂದದ್ದನ್ನು ಓದುತ್ತೇವೆ, ಆದರೆ ಮೇಜರಿಗೆ ಲೆಕ್ಕ ಹಿಡಿಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂದೆ, ಸನ್ನಿವೇಲ್