ಸರೋಜಿನಿ, ಟೈಪ್ ಟು

ನನ್ನ ಹೆಸರು ಶ್ರೀನಿವಾಸ. ಆದರೆ ದೆಹಲಿಯಲ್ಲಿ ಸುಮಾರು ಮೂವತ್ತು ಜನ ನನ್ನನ್ನು ಸರೋಜಿನಿ ಎಂದು ಕರೆಯುತ್ತಾರೆ. ಮದುವೆಯಾಗಿ ಹದಿನಾರು ವರ್ಷವಾದರೂ ಈ ವಿಷಯವನ್ನು ಹೆಂಡತಿಗೆ ಹೇಳುವ ಪ್ರಸಂಗ ಬಂದಿರಲಿಲ್ಲ. ಬಂದದ್ದು ಹೇಗೆ ಬಂತೆಂಬುದನ್ನು ಆಮೇಲೆ ಹೇಳುತ್ತೇನೆ.

ಲೋದಿ ಎಸ್ಟೇಟ್‌ನ ದೆಹಲಿ ಕನ್ನಡ ಶಾಲೆಯಲ್ಲಿ, ನಮ್ಮ ತರಗತಿಯೊಂದರಲ್ಲೇ, ನಾಲ್ಕು ಜನ ಶ್ರೀನಿವಾಸರಿದ್ದೆವು. ಅಪ್ಪಂದಿರೆಲ್ಲ ಕೇಂದ್ರ ಸರ್ಕಾರದ ಗುಮಾಸ್ತಿಕೆ ಹಿಡಿದು ರೈಲು ಹತ್ತಿ ಬಂದವರು. ಊರು ಬಿಟ್ಟರೂ ಮನೆದೇವರನ್ನು ಬಿಡಲಿಲ್ಲ. ಇನಿಷಿಯಲ್ ಸೇರಿಸಿ ಕರೆಯೋಣವೆಂದರೆ ಇಬ್ಬರಿಗೆ ಅದೂ ಒಂದೇ. ಧಾರವಾಡದ ಕಡೆಯವರಾದ ನಮ್ಮ ಕನ್ನಡ ಮೇಡಂ ಒಂದೇ ದಿನದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು. ಯಾರು ಯಾವ ಸರ್ಕಾರಿ ಕಾಲೊನಿಯಿಂದ ಬರುತ್ತಾರೋ ಅದೇ ಅವರ ಹೆಸರು. ನಾನು ಸರೋಜಿನಿ ನಗರ. ಇನ್ನೊಬ್ಬ ನೇತಾಜಿ ನಗರ. ಮತ್ತೊಬ್ಬ ನವರೋಜಿ ನಗರ. ನಾಲ್ಕನೆಯವನು ಶ್ರೀನಿವಾಸಪುರಿಯವನಾದ್ದರಿಂದ ಅವನೊಬ್ಬ ಶ್ರೀನಿವಾಸನಾಗಿಯೇ ಉಳಿದ. ಅವನ ಮೇಲೆ ನಮಗೆ ಇವತ್ತಿಗೂ ಹೊಟ್ಟೆಕಿಚ್ಚು.

ಎರಡು ವಾರದಲ್ಲಿ ಬಾಲದ ‘ನಗರ’ ಉದುರಿಹೋಯಿತು. ಪದ್ಧತಿ ಅನುಕೂಲವಾಗಿದೆಯೆಂದು ಮೇಡಂ ಅದನ್ನು ಉಳಿದವರಿಗೂ ಹಚ್ಚಿದರು. ಹಾಜರಿ ಕರೆಯುವ ಹೊತ್ತಿಗೆ ವರಾಂಡದಲ್ಲಿ ಹೋಗುವವರಿಗೆ ಒಳಗೆ ಕಾಂಗ್ರೆಸ್ ಅಧಿವೇಶನ ನಡೆದಂತೆ ಕೇಳಿಸುತ್ತಿತ್ತು.

“ನೇತಾಜಿ ಎಲ್ಲಿ?”

“ಬಸ್ ತಪ್ಪಿಸಿಕೊಂಡ ಮೇಡಂ.”

“ಕಿದ್ವಾಯಿ, ಹೋಮ್‌ವರ್ಕ್?”

“ಮನೇಲಿ ಬಿಟ್ಟು ಬಂದೆ ಮೇಡಂ.”

“ಏ ಸರೋಜಿನಿ, ಅಂಗಿ ಗುಂಡಿ ಹಾಕ್ಕೋ!”

ನಮ್ಮ ಕಾಲೊನಿಗೆ ಹಿಂದೆ ವಿನಯ ನಗರ ಎಂಬ ಹೆಸರಿತ್ತು. ಸರ್ಕಾರ ಅದನ್ನು ಬದಲಿಸದೇ ಇದ್ದಿದ್ದರೆ ನಾನು ವಿನಯನಾಗುತ್ತಿದ್ದೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಸಂಕೋಚವಿಲ್ಲದೆ ಹೇಳಿಕೊಳ್ಳಬಹುದಾದ ಹೆಸರು. ನವರೋಜಿಗೆ ಮಾತ್ರ ಹೆಸರು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಬ್ರಿಟಿಷರು ದೇಶದ ಸಂಪತ್ತನ್ನು ಹೇಗೆ ಸೋರಿಸಿಕೊಂಡು ಹೋದರೆಂದು ದಾದಾಭಾಯಿ ನವರೋಜಿ ಲೆಕ್ಕ ಹಾಕಿ ತೋರಿಸಿದರಷ್ಟೆ? ನಮ್ಮ ನವರೋಜಿ ನಮ್ಮ ಸಮೋಸಾ ಕಾಸು ತನ್ನ ಜೇಬಿಗೆ ಹೇಗೆ ಸೋರುತ್ತದೆಂದು ಪ್ರಾತ್ಯಕ್ಷಿಕೆಯನ್ನೇ ಕೊಡುತ್ತಿದ್ದ. ಈಗ ಗುರುಗ್ರಾಮದಲ್ಲಿ ಊರವರ ಹಣ ಹೂಡಿಸುವ ಕೆಲಸದಲ್ಲಿದ್ದಾನೆ.

ದೆಹಲಿಯ ಸರ್ಕಾರಿ ಮಕ್ಕಳಿಗೆ ಜಾತಿ ಇರಲಿಲ್ಲ, ಟೈಪ್ ಇತ್ತು. ಅಪ್ಪನ ಸಂಬಳ ನೋಡಿ ಕೊಡುವ ಕ್ವಾರ್ಟರ್ಸು ಟೈಪ್ ಒಂದರಿಂದ ಶುರುವಾಗಿ ಟೈಪ್ ಎಂಟರವರೆಗೆ. ಒಂದು ಎಂದರೆ ಪ್ಯೂನ್, ಎಂಟು ಎಂದರೆ ಹುಲ್ಲುಹಾಸಿನ ಬಂಗಲೆ. ನಮ್ಮದು ಟೈಪ್ ಟು: ಎರಡು ಕೋಣೆ, ಒಂದು ಪಡಸಾಲೆಯಂಥದ್ದು, ಹಿಂದೆ ಬೇವಿನ ಮರ. ಟೈಪ್ ತ್ರೀ ಹುಡುಗರು ನಮ್ಮ ಜೊತೆ ಕ್ರಿಕೆಟ್ ಆಡುತ್ತಿದ್ದರು, ಬ್ಯಾಟು ಅವರದೇ ಆಗಿರುತ್ತಿತ್ತು. ಆರ್.ಕೆ. ಪುರಂನ ಟೈಪ್ ಫೋರ್‌ನಿಂದ ಒಬ್ಬಳು ಬರುತ್ತಿದ್ದಳು. ಒಂಬತ್ತನೇ ತರಗತಿಯಲ್ಲಿ ನನಗೆ ಅವಳ ಮೇಲೆ ಮನಸ್ಸಾಯಿತು. ಆದರೆ ಅಪ್ಪನಿಗೆ ಎರಡು ಪ್ರಮೋಷನ್ ಆಗದೆ ಈ ಸಂಬಂಧ ಕೂಡಿಬರುವುದಿಲ್ಲವೆಂದು ಗೊತ್ತಿತ್ತು. ಅಪ್ಪ ಕೃಷಿ ಭವನದಲ್ಲಿ ಯುಡಿಸಿ, ಎಂದರೆ ಮೇಲ್ದರ್ಜೆ ಗುಮಾಸ್ತ. ಪ್ರಮೋಷನ್ ಪಟ್ಟಿ ಬರುವ ಮೊದಲೇ ಬೋರ್ಡ್ ಪರೀಕ್ಷೆ ಬಂತು.

ನಾವು ಹತ್ತನೇ ತರಗತಿಗೆ ಬಂದ ವರ್ಷವೇ, 1996ರ ಜೂನ್ 1ಕ್ಕೆ, ದೇವೇಗೌಡರು ಪ್ರಧಾನಿಯಾದರು. ಅದುವರೆಗೆ ಡಿಟಿಸಿ ಬಸ್ಸಿನಲ್ಲಿ ನಾವು ಬರೀ ಮದ್ರಾಸಿಗಳು. ತಿಂಗಳಿಗೆ ಹನ್ನೆರಡೂವರೆ ರೂಪಾಯಿಯ ವಿದ್ಯಾರ್ಥಿ ಪಾಸ್ ತೋರಿಸಿದರೆ ಕಂಡಕ್ಟರ್ “ಆಗೇ ಬಢೋ ಮದ್ರಾಸಿ” ಎನ್ನುತ್ತಿದ್ದ. ರಜೆ ಮುಗಿದು ಶಾಲೆ ಶುರುವಾದಾಗ ಅದೇ ಕಂಡಕ್ಟರ್, “ಆವೋ, ಆವೋ, ದೇವೇಗೌಡಾ ವಾಲೇ” ಎಂದು ಜಾಗ ಬಿಡಿಸಿದ. 324 ದಿನ ನಾವು ರಾಜರ ಹಾಗೆ ಓಡಾಡಿದೆವು. 1997ರ ಏಪ್ರಿಲಿನಲ್ಲಿ ನಮ್ಮ ಪರೀಕ್ಷೆಯ ಹಿಂದೆಯೇ ಸರ್ಕಾರವೂ ಬಿತ್ತು. ಬಸ್ಸಿನಲ್ಲಿ ಮತ್ತೆ ಮದ್ರಾಸಿಗಳಾದೆವು.

ಇಷ್ಟೆಲ್ಲ ಆಗಿ ಇಪ್ಪತ್ತೈದು ವರ್ಷದ ಮೇಲೆ ಎಲ್ಲರೂ ಒಮ್ಮೆ ಸೇರಬೇಕೆಂದು ವಾಟ್ಸ್ಆಪ್ ಗುಂಪಿನಲ್ಲಿ ತೀರ್ಮಾನವಾಯಿತು. ತೀರ್ಮಾನಕ್ಕೆ ಹತ್ತು ನಿಮಿಷ, ಜಾಗಕ್ಕೆ ಎರಡು ವರ್ಷ. ಗುರುಗ್ರಾಮದವರಿಗೆ ನೋಯ್ಡಾ ಎಂದರೆ ವೀಸಾ ಬೇಕಾದ ದೇಶ. ನೋಯ್ಡಾದವರಿಗೆ ದ್ವಾರಕಾ ಎಂದರೆ ನಿಜವಾದ ದ್ವಾರಕೆಯೇ, ಸಮುದ್ರದಡಿ. ಕೊನೆಗೆ ಶಾಲೆಯ ಪಕ್ಕದ ಲೋದಿ ಗಾರ್ಡನ್ ಎಂದಾಯಿತು. ಬಾಡಿಗೆ ಇಲ್ಲ, ಬಿಲ್ ಯಾರು ಕೊಡಬೇಕೆಂಬ ಜಗಳವಿಲ್ಲ. ಎಲ್ಲರೂ ಮನೆಯಿಂದ ಒಂದೊಂದು ಡಬ್ಬಿ ತರುವುದು. ನವೆಂಬರಿನಲ್ಲಿ ದಿನ ಗೊತ್ತುಮಾಡಿದೆವು. ಗಾಳಿ ಕೆಟ್ಟು, ಮಾಲಿನ್ಯ ಹೆಚ್ಚಿದಂತೆ ಬಿಗಿಯಾಗುವ ‘ಗ್ರಾಪ್’ ನಿರ್ಬಂಧದ ಮೂರನೇ ಹಂತ ಬಂತು. ನೇತಾಜಿಯದು ಬಿಎಸ್-4 ಡೀಸೆಲ್ ಕಾರು, ರಸ್ತೆಗಿಳಿಸುವಂತಿಲ್ಲ. ಡಿಸೆಂಬರಿನಲ್ಲಿ ನಾಲ್ಕನೇ ಹಂತ. “ನಮ್ಮ ಬ್ಯಾಚಿನ ಎಂಜಿನ್ನೇ ಬಿಎಸ್-3, ನಮ್ಮನ್ನು ಯಾರು ಬಿಡುತ್ತಾರೆ?” ಎಂದು ಗುಂಪಿನಲ್ಲಿ ಒಬ್ಬ ಬರೆದ. ಜನವರಿಯಲ್ಲಿ ಮಂಜು. ಅಂತೂ ಫೆಬ್ರುವರಿಯ ಒಂದು ಭಾನುವಾರ, ದೆಹಲಿಗೆ ವರ್ಷದಲ್ಲಿ ಹದಿನೈದು ದಿನ ಮಾತ್ರ ಅಲಾಟ್ ಆಗುವ ಒಳ್ಳೆಯ ಬಿಸಿಲಿನಲ್ಲಿ, ಬಡಾ ಗುಂಬದ್‌ನ ಎದುರು ಜಮಖಾನ ಹಾಸಿದೆವು.

ಬ್ಯಾನರಿನ ಹೊಣೆ ನನ್ನದು. ನೋಯ್ಡಾದ ಅಂಗಡಿಯೊಂದರಲ್ಲಿ ಮಾಡಿಸಿದ್ದೆ. ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ, ಅದು ಅವರ ತಪ್ಪಲ್ಲ. ತೆಗೆದುಕೊಂಡು ಬರುವಾಗ ಬಿಚ್ಚಿ ನೋಡದೇ ಇದ್ದದ್ದು ನನ್ನ ತಪ್ಪು. ಎರಡು ಮರದ ನಡುವೆ ಕಟ್ಟಿದ ಮೇಲೆ ಓದಿಕೊಂಡೆ: ‘ಹಳೆಯ ವಿದಯಾರಥಿಗಳ ಸನೇಹಕೂಟ’. ಒತ್ತಕ್ಷರಗಳನ್ನೆಲ್ಲ ಕಂಪ್ಯೂಟರ್ ನುಂಗಿಬಿಟ್ಟಿತ್ತು. ಬಿಚ್ಚೋಣವೆಂದು ಏಣಿಗಾಗಿ ನೇತಾಜಿಯ ಹೆಗಲು ಹುಡುಕುತ್ತಿದ್ದಾಗಲೇ ದಾರಿಯಲ್ಲಿ ಊರುಗೋಲಿನ ಸದ್ದು ಕೇಳಿತು.

ಮೇಡಂಗೆ ಈಗ ಎಂಬತ್ತರ ಹತ್ತಿರ. ಇಳಕಲ್ ಸೀರೆ, ಮೇಲೊಂದು ಕಾರ್ಡಿಗನ್, ಕಾಲಿಗೆ ಸ್ಪೋರ್ಟ್ಸ್ ಶೂ. ಮೂವತ್ತು ಜನ ಓಡಿಹೋಗಿ ಕಾಲಿಗೆ ಬಿದ್ದೆವು. ಅವರು ಯಾರನ್ನೂ ನೋಡಲಿಲ್ಲ. ಬ್ಯಾನರ್ ನೋಡುತ್ತಿದ್ದರು.

“ಇದನ್ನ ಬರಸಿದವ್ರು ಯಾರು?”

ಮೂವತ್ತು ಬೆರಳು ನನ್ನ ಕಡೆ ತಿರುಗಿದವು. ನಲವತ್ತನಾಲ್ಕು ವರ್ಷದ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಮನುಷ್ಯ ನಾನು. ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು.

“ಸರೋಜಿನಿ! ಒತ್ತು ಎಲ್ಲಿ ಅದಾವಲೇ?”

ಕೈಚೀಲದಿಂದ ಕೆಂಪು ಬಾಲ್ ಪೆನ್ ತೆಗೆದರು. ಬ್ಯಾನರಿನ ಪ್ಲಾಸ್ಟಿಕ್ಕಿನ ಮೇಲೆ ಅದು ಮೂಡಲಿಲ್ಲ. ಒಂದು ಕ್ಷಣ ಯೋಚಿಸಿ ಹಿಂದಕ್ಕೆ ತಿರುಗದೆಯೇ ಕೈ ಚಾಚಿದರು. “ಆರ್.ಕೆ. ಪುರಂ, ನಿನ್ನ ಲಿಪ್‌ಸ್ಟಿಕ್ ಕೊಡವಾ.”

ಟೈಪ್ ಫೋರ್ ಹುಡುಗಿ ಮರುಮಾತಿಲ್ಲದೆ ಕೊಟ್ಟಳು. ಬಹಳ ಬೆಲೆಯದೆಂದು ಅವಳ ಮುಖ ಹೇಳುತ್ತಿತ್ತು. ಬ್ಯಾನರನ್ನು ಇಬ್ಬರು ಬಗ್ಗಿಸಿ ಹಿಡಿದರು. ಮೇಡಂ ‘ದಯಾ’ವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ ಮೇಲೆ ‘ದ್ಯಾ’ ಬರೆದರು, ‘ರಥಿ’ಗೆ ‘ರ್ಥಿ’, ‘ಸನೇ’ಗೆ ‘ಸ್ನೇ’. ಬಲಗಡೆ ಅಂಚಿನಲ್ಲಿ ಹತ್ತಕ್ಕೆ ನಾಲ್ಕು ಅಂಕ ಹಾಕಿ ಸುತ್ತು ಬರೆದು, ಉಳಿದ ಲಿಪ್‌ಸ್ಟಿಕ್ ಹಿಂದಿರುಗಿಸಿದರು. ಉಳಿದದ್ದು ಹೆಚ್ಚೇನಿರಲಿಲ್ಲ.

ಆರ್.ಕೆ. ಪುರಂ ಅದುವರೆಗೆ ನನ್ನನ್ನು ಯಾರದೋ ಗಂಡನೆಂದು ತಿಳಿದಿದ್ದಳಂತೆ. “ಅಯ್ಯೋ ಸರೋಜಿನಿ, ನೀನಾ!” ಎಂದಳು. ಆ ಒಂದು ಉದ್ಗಾರಕ್ಕಾಗಿ ಇಪ್ಪತ್ತೈದು ವರ್ಷ ಕಾಯುವಷ್ಟೇನೂ ಇರಲಿಲ್ಲ.

ಬ್ಯಾನರ್ ಕಟ್ಟುವಂತಿಲ್ಲವೆಂದು ಗಾರ್ಡನ್ನಿನ ಕಾವಲುಗಾರ ದೂರದಿಂದಲೇ ಸೀಟಿ ಊದಿದ. ಕುರ್ಚಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ನಮ್ಮ ಪಿ.ಟಿ. ಸರ್ ಹರಿಯಾಣದವರು, ಎರಡೂ ಮಂಡಿ ಬದಲಾಯಿಸಿಕೊಂಡವರು. ಸೀಟಿ ಕೇಳಿದ್ದೇ ಅವರ ಮೈಯಲ್ಲಿ ಏನೋ ಸಂಚಾರವಾಯಿತು. ಜೇಬಿನಿಂದ ತಮ್ಮ ಸೀಟಿ ತೆಗೆದು ಅದಕ್ಕಿಂತ ಜೋರಾಗಿ ಊದಿ “ಸಾವ್‌ಧಾನ್!” ಎಂದರು. ನಾವು ಹೇಗಿದ್ದೆವೋ ಹಾಗೇ ಸೆಟೆದು ನಿಂತೆವು, ಒಬ್ಬನ ಕೈಯಲ್ಲಿ ಚಿರೋಟಿ ಇತ್ತು. ನೋಡಿದರೆ ಕಾವಲುಗಾರನೂ ಸೆಟೆದು ನಿಂತಿದ್ದ. “ವಿಶ್ರಾಮ್” ಹೇಳುವುದನ್ನು ಸರ್ ಮರೆತುಬಿಟ್ಟರು.

ಊಟದ ಹೊತ್ತಿಗೆ ಮೇಡಂ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂಡಿಸಿಕೊಂಡು ವಿಚಾರಣೆ ಶುರುಮಾಡಿದರು. ಕೆಲಸ, ಮಕ್ಕಳು, ಬಿಪಿ ಇವು ಅವರಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಕ್ವಾರ್ಟರ್ಸಿನ ವಿವರ.

“ಈಗ ಎಲ್ಲಿ ಇರತೀಯೋ?”

“ಗ್ರೇಟರ್ ನೋಯ್ಡಾ ವೆಸ್ಟ್, ಮೇಡಂ. ಹದಿನೇಳನೇ ಮಹಡಿ. ತ್ರೀ ಬಿಎಚ್‌ಕೆ.”

“ಯಾವ ಟೈಪು?”

“ಟೈಪ್ ಅಂತ ಇಲ್ಲ ಮೇಡಂ. ಸ್ವಂತದ್ದು. ಸಾಲ ಇನ್ನೂ ಹನ್ನೊಂದು ವರ್ಷ ಇದೆ.”

“ಅಂದ್ರ ಇನ್ನೂ ಅಲಾಟ್ ಆಗಿಲ್ಲ ಅನ್ನು,” ಎಂದು ನನ್ನ ಡಬ್ಬಿಯಿಂದ ಇನ್ನೊಂದು ಚಮಚ ಕೋಸಂಬರಿ ಹಾಕಿಕೊಂಡರು. “ಹಳೇ ಕ್ವಾರ್ಟರ್ಸ್ ಏನಾತು? ಬೇವಿನ ಗಿಡ ಅದ ಏನು?”

ಇಲ್ಲವೆಂದೆ. ಸರೋಜಿನಿ, ನೇತಾಜಿ, ನವರೋಜಿ, ಶ್ರೀನಿವಾಸಪುರಿ ನಾಲ್ಕೂ ಕೇಂದ್ರ ಸರ್ಕಾರ 2016ರಲ್ಲಿ ಕೆಡವಿ ಕಟ್ಟಲು ಒಪ್ಪಿಗೆ ಕೊಟ್ಟ ಏಳು ಕಾಲೊನಿಗಳ ಪಟ್ಟಿಯಲ್ಲಿದ್ದವು. ನಾವು ನಾಲ್ವರು ಶ್ರೀನಿವಾಸರು ಒಟ್ಟಿಗೇ ಫೇಲಾದ ಹಾಗೆ. 2018ರಲ್ಲಿ ಸಾವಿರಾರು ಮರಗಳಿಗೆ ಕೊಡಲಿ ಬೀಳುತ್ತದೆಂದು ಜನ ಮರ ತಬ್ಬಿಕೊಂಡು ನಿಂತರು, ಹೈಕೋರ್ಟು ತಡೆ ಕೊಟ್ಟಿತು. ಆಗ ನಾನೂ ಒಂದು ಸಂಜೆ ಹೋಗಿದ್ದೆ. ನಮ್ಮ ಮನೆಯ ಬೇವು ಯಾವುದೆಂದು ಗುರುತು ಹತ್ತದೆ, ಸಿಕ್ಕಿದ್ದನ್ನು ತಬ್ಬಿಕೊಂಡು ಬಂದೆ. ಆಮೇಲೆ ನೋಡಿದರೆ ಅದು ಅರಳಿ. ನವರೋಜಿ ನಗರದಲ್ಲಿ ಈಗ ವರ್ಲ್ಡ್ ಟ್ರೇಡ್ ಸೆಂಟರ್ ಎದ್ದಿದೆ. ಅದನ್ನು ಹೇಳಿದಾಗ ನವರೋಜಿಯ ಎದೆ ಎರಡು ಇಂಚು ಉಬ್ಬಿತು. ತಾನೇ ಕಟ್ಟಿಸಿದವನಂತೆ ಚದರಡಿಯ ದರ ಹೇಳತೊಡಗಿದ.

ಮೇಡಂ ಕೇಳಿಸಿಕೊಳ್ಳುತ್ತಿರಲಿಲ್ಲ. ಬೆರಳು ಮಡಚುತ್ತ, ನಾನು ಮರೆತೇಬಿಟ್ಟಿದ್ದ ಬ್ಲಾಕಿನ ಅಕ್ಷರ, ಮನೆಯ ನಂಬರು, ಕೆಳಗಿನ ಮನೆಯ ಗಢವಾಲಿಗಳ ನಾಯಿಯ ಹೆಸರು ಎಲ್ಲ ಹೇಳಿದರು. ಪ್ರಗತಿ ಪತ್ರಕ್ಕೆ ಅಪ್ಪನ ಸಹಿ ಬೇಕೆಂದು ಒಮ್ಮೆ ಬಸ್ಸು ಹತ್ತಿ ಮನೆಗೇ ಬಂದಿದ್ದರು. ಆ ಸಹಿ ನಾನೇ ಹಾಕಿದ್ದೆ, ಅದು ಬೇರೆ ಮಾತು. ಎಸ್ಟೇಟ್ ಆಫೀಸಿನ ಕಡತದಿಂದ ಹೋದ ಮನೆಗಳೆಲ್ಲ ಈ ಒಂದು ತಲೆಯಲ್ಲಿ ಬಾಗಿಲು ತೆರೆದುಕೊಂಡು ಇದ್ದವು.

ಖಾಲಿ ಮಾಡಿಸುವುದು ಈ ಊರಿನ ಹಳೇ ಚಾಳಿ. ನಾವು ಜಮಖಾನ ಹಾಸಿದ್ದ ಜಾಗದಲ್ಲೇ ಖೈರ್‌ಪುರ ಎಂಬ ಹಳ್ಳಿ ಇತ್ತು. ಅಲ್ಲಿನವರನ್ನು ಎಬ್ಬಿಸಿ 1936ರಲ್ಲಿ ವೈಸರಾಯನ ಹೆಂಡತಿಯ ಹೆಸರಿನಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಅದು ಲೋದಿ ಗಾರ್ಡನ್ ಆಯಿತು. ಎಲ್ಲರನ್ನೂ ಎಬ್ಬಿಸಿದವರಿಗೆ ಸಿಕಂದರ್ ಲೋದಿಯೊಬ್ಬನನ್ನು ಎಬ್ಬಿಸಲು ಆಗಲಿಲ್ಲ. 1517ರಲ್ಲಿ ಸೇವೆಯಿಂದ ನಿವೃತ್ತನಾದವನು ಇನ್ನೂ ಟೈಪ್ ಎಂಟರಲ್ಲೇ ಇದ್ದಾನೆ.

ಸಂಜೆ ಚಳಿ ಇಳಿಯುವ ಮೊದಲೇ ಎದ್ದೆವು. ಭಾನುವಾರವಾದ್ದರಿಂದ ಶಾಲೆಯ ಗೇಟಿಗೆ ಬೀಗ. ಸರಳುಗಳ ನಡುವೆ ಮೂತಿ ತೂರಿಸಿ ಒಂದು ಫೋಟೊ ತೆಗೆಸಿಕೊಂಡೆವು. ಮೇಡಂ ಮಯೂರ್ ವಿಹಾರದಲ್ಲಿ ಮಗಳ ಮನೆಯಲ್ಲಿದ್ದಾರೆ. ದಾರಿಯಲ್ಲೇ ಸಿಗುತ್ತದೆಂದು ನೇತಾಜಿ ತನ್ನ ಡೀಸೆಲ್ ಕಾರಿನಲ್ಲಿ ಕರೆದುಕೊಂಡು ಹೋದ. ನನ್ನ ಸ್ಟೀಲ್ ಡಬ್ಬಿ ಅವರ ಚೀಲದಲ್ಲೇ ಹೋಯಿತು. ಡಬ್ಬಿ ಅತ್ತೆ ಮನೆಯಿಂದ ಬಂದದ್ದು, ಮುಚ್ಚಳದ ಮೇಲೆ ಹೆಂಡತಿಯ ಹೆಸರು ಕೆತ್ತಿಸಿದ್ದು. ಒಂದು ವಾರ ಅದರ ವಿಚಾರಣೆ ನಡೆಯಿತು. “ಯಾರ ಮನೇಲಿ ಬಿಟ್ಟು ಬಂದ್ರಿ?” “ಮೇಡಂ ಮನೇಲಿ.” “ಯಾವ ಮೇಡಂ?”

ಮುಂದಿನ ಭಾನುವಾರ ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದಾಗ ಇಂಟರ್‌ಕಾಮ್ ಬಡಿದುಕೊಂಡಿತು. ಹೆಂಡತಿ ಎತ್ತಿದಳು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಮೇಡಂ ಅದರ ತುಂಬ ಅಗಸಿ ಚಟ್ನಿಪುಡಿ ತುಂಬಿ, ಮೇಲೆ ಚೀಟಿ ಅಂಟಿಸಿ ನೇತಾಜಿಯ ಕೈಗೆ ಕೊಟ್ಟಿದ್ದರೆಂಬುದು ಆಮೇಲೆ ತಿಳಿದದ್ದು. ಗೇಟಿನಲ್ಲಿ ಹೆಸರು ಕೇಳಿದರೆ ಅವನು ಹಳೇ ಅಭ್ಯಾಸದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದ. ನನಗೆ ಬಚ್ಚಲಿಗೆ ಕೇಳಿಸಿದ್ದು ಇಷ್ಟು. ಸ್ಪೀಕರಿನಲ್ಲಿ ಗಾರ್ಡಿನ ದನಿ, ಬಹಳ ಮರ್ಯಾದೆಯಿಂದ:

“ಮೇಡಂ, ನೇತಾಜಿ ಆಯೇ ಹೈಂ. ಸರೋಜಿನಿ ಜೀ ಕೋ ಪೂಛ್ ರಹೇ ಹೈಂ. ಭೇಜ್ ದೂಂ?”

ಆಮೇಲೆ ಸ್ವಲ್ಪ ಹೊತ್ತು ಬರೀ ನಲ್ಲಿಯ ಸದ್ದು. ಆಮೇಲೆ ಬಚ್ಚಲ ಬಾಗಿಲ ಮೇಲೆ ಹೆಂಡತಿಯ ಬೆರಳಿನ ಗಣ್ಣು.