ಭೂಪಟಪ್ರಾಮಾಣ್ಯ ವಿಚಾರ: ಸಾಯಗಾಂವ ಸೀಮೆಯಲ್ಲಿ ಆರು ಪ್ರಮಾಣಗಳ ಪರೀಕ್ಷೆ

ವಿಷಯ: ಸುತ್ತಲೂ ಪರರಾಜ್ಯವಿದ್ದು, ನಡುವೆ ಒಂಟಿಯಾಗಿ ಸ್ವರಾಜ್ಯಕ್ಕೆ ಕಂದಾಯ ಕಟ್ಟುವ ಊರಿಗೆ ನೆಲದ್ವೀಪವೆಂದು ಹೆಸರು. ಹಳೆಯ ನಕ್ಷೆಯಲ್ಲಿ ಕಂಡ ನೆಲದ್ವೀಪ ಇಂದಿಗೂ ಉಂಟೆಂದು ಆ ನಕ್ಷೆಯೇ ಸಾಧಿಸಬಲ್ಲದೋ?

ಪ್ರಯೋಜನ: ಕರ್ನಾಟಕ-ಮಹಾರಾಷ್ಟ್ರ ಗಡಿ ದಾವೆ 2004ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿರುವುದರಿಂದ ಈ ಪ್ರಬಂಧದಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಆದ್ದರಿಂದಲೇ ಇದು ಶುದ್ಧ ಪಾಂಡಿತ್ಯ.

ಅಧಿಕಾರಿ: ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಒಂದು ಕಪ್ ಚಹಾಕ್ಕೆ ಎರಡು ತಾಸು ಕೂರಬಲ್ಲ ಯಾರಾದರೂ ಇದನ್ನು ಓದಲು ಅರ್ಹರು.

ಪೂರ್ವಪಕ್ಷ: ನಕ್ಷಾವಾದಿಗಳ ವಾದ ಬಲವಾಗಿಯೇ ಇದೆ. ಎವರೆಸ್ಟನ ಮಹಾತ್ರಿಕೋನ ಸರ್ವೇಗೆ ದಕ್ಷಿಣದ ಮೂಲರೇಖೆಯನ್ನು 1841ರಲ್ಲಿ ಅಳೆದದ್ದು ಬೀದರಿನಲ್ಲೇ. ಅಳೆದ ಆಂಡ್ರ್ಯೂ ವಾ ಮುಂದೆ ಜಗತ್ತಿನ ಅತಿ ಎತ್ತರದ ಶಿಖರಕ್ಕೆ ತನ್ನ ಗುರುವಿನ ಹೆಸರಿಟ್ಟ. ಹಿಮಾಲಯದ ಎತ್ತರ ಹೇಳಿದ ಶಾಸ್ತ್ರಕ್ಕೆ ಸಾಯಗಾಂವದ ಶಿವಾರ ಎಲ್ಲಿ ಮುಗಿಯುತ್ತದೆಂದು ಹೇಳಲಾಗದೇ? ಆಗದು. ತ್ರಿಕೋನಕ್ಕೆ ಬೇಕಾದದ್ದು ಗುಡ್ಡದ ತುದಿ. ಯಾರ ಹೊಲ ಯಾರ ಜಾಗೀರೆಂಬ ಚಿಂತೆ ಅದಕ್ಕಿರಲಿಲ್ಲ.

ಪ್ರತ್ಯಕ್ಷ: ಸಾಯಗಾಂವದಿಂದ ಗಡಿಯತ್ತ ನಡೆದರೆ ಕರ್ನಾಟಕದ ತೊಗರಿ ಮುಗಿದು ಮಹಾರಾಷ್ಟ್ರದ ತೊಗರಿ ಶುರುವಾಗುತ್ತದೆ. ಎರಡೂ ಒಂದೇ ಮಳೆಗೆ ಕಾದು ನಿಂತ ಬೆಳೆ. ಎರಡೂ ಕಡೆಯವರು ಹಲವು ಭಾಷೆಗಳಲ್ಲಿ ಬೈಯಬಲ್ಲವರಾದ್ದರಿಂದ ಮಾತನ್ನೂ ಗುರುತಾಗಿ ಹಿಡಿಯುವಂತಿಲ್ಲ. ಪ್ರತ್ಯಕ್ಷ ಸೋತಿತು.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ನಕ್ಷೆಯಲ್ಲಿ ಬೇರೆ ಬಣ್ಣವಿದ್ದಲ್ಲಿ ಜಾಗೀರು. ನಿಜಾಮರ ಕಾಲದ ಬೀದರ್ ಸೀಮೆ ದಿವಾನಿ (ಸರ್ಕಾರಿ ನೆಲ), ಪಾಯಿಗಾ (ಸರದಾರರ ನೆಲ), ಜಾಗೀರುಗಳ ತುಂಡುಗಳನ್ನು ಹೊಲಿದ ಕೌದಿಯಂತಿತ್ತು. ಆದರೆ ಬೆಂಕಿ ಆರಿದ ಮೇಲೆ ಎದ್ದು ಹೋಗುವ ಮರ್ಯಾದೆ ಹೊಗೆಗಿದೆ, ಬಣ್ಣಕ್ಕಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಪ್ರಾಂತ-ಸಂಸ್ಥಾನಗಳ ನೆಲದ್ವೀಪಗಳನ್ನು ಸುತ್ತಲಿನ ನೆಲಕ್ಕೆ ಸೇರಿಸುವ ಆದೇಶವೇ ಹೊರಟಿತು. ನಕ್ಷೆಯ ಬಣ್ಣ ಮಾತ್ರ ಗೆದ್ದಲಿನ ದಾರಿ ಕಾಯುತ್ತ ಉಳಿಯಿತು. ಗೆದ್ದಲು ಕೊರೆದ ತೂತುಗಳೂ ನೆಲದ್ವೀಪಗಳೇ ಎಂಬ ಜಟಿಲ ಪ್ರಶ್ನೆಯನ್ನು ಎರಡನೇ ಸಂಪುಟಕ್ಕೆ ಕಾಯ್ದಿರಿಸಿದೆ.

ಉಪಮಾನ: ಕೂಚ್ ಬಿಹಾರದ ಕಡೆಯ ದಹಲಾ ಖಗ್ರಾಬಾರಿ 2015ರವರೆಗೆ ಭಾರತದ ಒಂದು ತುಂಡಾಗಿತ್ತು. ಅದರ ಸುತ್ತ ಬಾಂಗ್ಲಾದೇಶ, ಅದರ ಸುತ್ತ ಭಾರತ, ಅದರ ಸುತ್ತ ಮತ್ತೆ ಬಾಂಗ್ಲಾದೇಶ. 2015ರ ಜುಲೈ 31ರ ನಡುರಾತ್ರಿ ಅಲ್ಲಿದ್ದ ನಮ್ಮ 111, ಇಲ್ಲಿದ್ದ ಅವರ 51 ತುಂಡುಗಳು ಅದಲುಬದಲಾದವು. ಅಂದು ಹನ್ನೆರಡು ಹೊಡೆದಾಗ ಯಾವ ಗ್ರಂಥಾಲಯದ ಯಾವ ಭೂಪಟವೂ ತನ್ನ ಗೆರೆ ಅಳಿಸಿಕೊಂಡ ವರದಿಯಿಲ್ಲ.

ಶಬ್ದ: ಅಂದರೆ ಆಪ್ತವಾಕ್ಯ. ಬುರ್ಕಿನಾ ಫಾಸೊ ಮತ್ತು ಮಾಲಿ ದೇಶಗಳ ಗಡಿವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಹೇಳಿತು: ನಕ್ಷೆ ತಾನಾಗಿ ಹಕ್ಕುಪತ್ರವಾಗದು, ಅಧಿಕೃತ ಪತ್ರಕ್ಕೆ ಲಗತ್ತಾದರಷ್ಟೇ ಅದಕ್ಕೆ ಆ ಬಲ. ನಮ್ಮ ಆಪ್ತವಾಕ್ಯ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಅದು ಬೀದರ್ ಜಿಲ್ಲೆಯನ್ನು ಕೊಯ್ದದ್ದು ಮಾತಿನಲ್ಲಿ: ಅಹ್ಮದ್‌ಪುರ, ನಿಲಂಗಾ, ಉದಗೀರ ಮುಂಬಯಿಗೆ, ನಾರಾಯಣಖೇಡ, ನ್ಯಾಲ್ಕಲ್ ಸರ್ಕಲ್, ನಿರ್ಣಾ ಸರ್ಕಲ್ ಬಿಟ್ಟ ಜಹೀರಾಬಾದ್ ಆಂಧ್ರಕ್ಕೆ, ಮಿಕ್ಕದ್ದು ಮೈಸೂರಿಗೆ. ನವೆಂಬರ್ 1ರಂದು, ಒಂದೇ ಜಿಲ್ಲೆಯೊಳಗೆ ತೆಪ್ಪಗೆ ಬಿದ್ದಿದ್ದ ತಾಲ್ಲೂಕು ಗೆರೆಗೆ ರಾಜ್ಯದ ಗೆರೆಯಾಗಿ ಬಡ್ತಿ ಸಿಕ್ಕಿತು.

ಅರ್ಥಾಪತ್ತಿ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದೇ ತಿಳಿಯಬೇಕೆನ್ನುತ್ತಾರೆ ಮೀಮಾಂಸಕರು. ಬೀದರ್ ಜಿಲ್ಲೆಯ ಚೊಂಡಿಮುಖೇಡದ ಸುತ್ತ ಮಹಾರಾಷ್ಟ್ರ. ಅಲ್ಲಿನ ದೇವದತ್ತ ಕರ್ನಾಟಕದ ಮನೆಯಿಂದ ಕರ್ನಾಟಕದ ಕಚೇರಿಗೆ ಜಾತಿ ಪ್ರಮಾಣಪತ್ರ ತರಲು ಹೊರಟರೆ ಪರರಾಜ್ಯ ದಾಟಿ ಹೋಗಬೇಕು, ‘ಸಾಹೇಬ್ರು ಇಲ್ಲ, ನಾಳೆ ಬರ‍್ರಿ’ ಎಂದರೆ ಪರರಾಜ್ಯ ದಾಟಿ ಮರಳಬೇಕು. ನೆಲದ್ವೀಪವಿದೆ ಎಂದು ಒಪ್ಪದೆ ಈ ಪ್ರಯಾಣಕ್ಕೆ ಅರ್ಥವೇ ಹೊಂದದು. ಸಾಧಿಸಲು ಹಳೆಯ ನಕ್ಷೆ ಬೇಕಾಗಲಿಲ್ಲ, ಬಸ್ ಟಿಕೆಟ್ ಸಾಕಾಯಿತು.

ಸಿದ್ಧಾಂತ: ನಕ್ಷೆ ‘ಇತ್ತು’ ಎನ್ನಬಲ್ಲದು, ‘ಇದೆ’ ಎನ್ನಲಾರದು. ‘ಇದೆ’ ಎನ್ನುವ ಅಧಿಕಾರ ರೇಷನ್ ಕಾರ್ಡಿಗೆ, ಮತದಾರರ ಪಟ್ಟಿಗೆ, ಪಹಣಿಗೆ.

ಅನುಪಲಬ್ಧಿ: ಕಾಣದಿರುವುದೂ ಒಂದು ಪ್ರಮಾಣ. ಇಷ್ಟಾದ ಮೇಲೂ ಮೂಲ ನಕ್ಷೆಯನ್ನು ಕಣ್ಣಾರೆ ಕಾಣುವ ಹಟವಿರುವವರು ಯಾವುದಾದರೂ ದಫ್ತರಖಾನೆಗೆ ಅರ್ಜಿ ಹಾಕಿ ನೋಡಬಹುದು. ‘ಸದರಿ ಕಡತ ಲಭ್ಯವಿರುವುದಿಲ್ಲ’ ಎಂಬ ಹಿಂಬರಹ ಬಂದರೆ ಎದೆಗುಂದಬಾರದು. ಅದಕ್ಕೆ ದಿನಾಂಕವಿದೆ, ಮೊಹರಿದೆ, ಸಹಿಯಿದೆ. ನಕ್ಷೆಗಿಂತ ಚೆನ್ನಾಗಿ ಓದಲೂ ಬರುತ್ತದೆ. ಮುಂದಿನ ಗಡಿ ದಾವೆಗೆ ಪಂಡಿತರು ಅದನ್ನೇ ಲಗತ್ತಿಸತಕ್ಕದ್ದು. ನ್ಯಾಯಾಲಯ ಕೇಳಿದ್ದು ಅಧಿಕೃತ ಪತ್ರವನ್ನು ತಾನೆ?